ಸೊಪ್ಪು ನೋಡಿ ಮೊಟ್ಟೆ ತರಬೇಕು

ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆ ಹುಳದ ಮನೆಯಲ್ಲಿ ರಾತ್ರಿ ಮಲಗಿದ್ದೀರಾ? ಹೆಂಚಿನ ಮೇಲೆ ಜಿಟಿಜಿಟಿ ಮಳೆ ಹಿಡಿದ ಹಾಗೆ ಸದ್ದು ಬರುತ್ತಲೇ ಇರುತ್ತದೆ. ಚಿಕ್ಕವನಿದ್ದಾಗ ಮಳವಳ್ಳಿ ಹತ್ತಿರದ ದೊಡ್ಡವ್ವನ ಮನೆಗೆ ರಜೆಗೆ ಹೋದರೆ ಹುಳದ ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಮೊದಲ ಸಲ ಆ ಸದ್ದು ಕೇಳಿದಾಗ ನಾನು ಎದ್ದು ಅಂಗಳಕ್ಕೆ ಹೋಗಿ ಆಕಾಶ ನೋಡಿದ್ದೆ. ತುಂಬಾ ನಕ್ಷತ್ರ ಇದ್ದವು. ಒಂದು ಹನಿ ಮಳೆ ಇರಲಿಲ್ಲ. ಒಳಗೆ ಬಂದರೆ ಮತ್ತೆ ಮಳೆ. ಸಾವಿರಾರು ಹುಳ ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಕಡಿಯುವ ಸದ್ದು ಅದು.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಜ್ವರ ಅಂದರೆ ಕಾಯಿಲೆ ಅಲ್ಲ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಒಂದು ದಿನ ಕೂತುಬಿಡುತ್ತದೆ. ಅದನ್ನೇ ಜ್ವರಕ್ಕೆ ಕೂತಿದೆ ಅಂತಾರೆ. ನಾಲ್ಕು ಸಲ ಹೀಗೆ ಕೂತು ಏಳುತ್ತದೆ. ನಾಲ್ಕನೆಯದು ಮುಗಿದ ಮೇಲೆ ಏಳೆಂಟು ದಿನ ಇರುತ್ತದಲ್ಲ, ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಜಾಸ್ತಿಯನ್ನು ಹುಳ ತಿನ್ನುವುದು ಆಗಲೇ. ಆಗ ಸೊಪ್ಪು ಸಾಲದೆ ಬಂದರೆ ಮುಗಿಯಿತು. ಪಕ್ಕದೂರಿಗೆ ಹೋಗಿ ಕೊಂಡು ತರೋಣ ಅಂದರೆ ಅಲ್ಲಿಯೂ ಎಲ್ಲರ ಮನೆ ಹುಳ ಬಾಯಿ ತೆರೆದುಕೊಂಡೇ ಇರುತ್ತವೆ. ಅದಕ್ಕೇ ದೊಡ್ಡವ್ವ ಪ್ರತಿ ಬೆಳೆಗೆ ಮುಂಚೆ ಒಂದೇ ಮಾತು ಹೇಳುತ್ತಿದ್ದಳು. "ಮೊದ್ಲು ಸೊಪ್ ನೋಡ್ಬೇಕು ಕನ್ ಮಗಾ, ಆಮೇಲೆ ಮೊಟ್ಟೆ ತರ್ಬೇಕು."

ಮೊಟ್ಟೆ ಅನ್ನುವುದು ಅಲ್ಲಿನ ಅಳತೆ. ಒಂದು ಚಿಟ್ಟೆ ಇಟ್ಟ ನಾನೂರು ಐನೂರು ತತ್ತಿ ಸೇರಿ ಒಂದು ಮೊಟ್ಟೆ. ನೂರು ಮೊಟ್ಟೆ ಸಾಕಿದ್ದೀವಿ ಅಂದರೆ ನಲವತ್ತು ಐವತ್ತು ಸಾವಿರ ಹುಳ ಮನೆಯಲ್ಲಿವೆ ಅಂತ ಅರ್ಥ. ಈಗೀಗ ಮರಿ ಹುಳ ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡು ಜ್ವರ ಕಳೆದ ಹುಳವನ್ನೇ ತರುತ್ತಾರೆ, ಆದರೂ ಬಾಯಲ್ಲಿ ಲೆಕ್ಕ ಮೊಟ್ಟೆಯದ್ದೇ.

ಆಹಾರ ಸರಪಳಿ ಬಗ್ಗೆ ನಾನು ಸ್ಕೂಲಲ್ಲಿ ಓದಿದೆ, ಕಾಲೇಜಲ್ಲೂ ಓದಿದೆ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು, ನಡುವೆ ಬಾಣದ ಗುರುತು. ಪರೀಕ್ಷೆಯಲ್ಲಿ ಆ ಚಿತ್ರ ಬರೆದು ಮಾರ್ಕ್ಸ್ ತಗೊಂಡೆ. ಆದರೆ ಆ ಬಾಣದೊಳಗೆ ಏನು ಹರಿಯುತ್ತದೆ, ಎಷ್ಟು ಹರಿಯುತ್ತದೆ, ದಾರಿಯಲ್ಲಿ ಎಷ್ಟು ಸೋರಿಹೋಗುತ್ತದೆ ಅಂತ ನಿಜವಾಗಿ ಅರ್ಥವಾಗಿದ್ದು ದೊಡ್ಡಪ್ಪನ ಲೆಕ್ಕದ ಪುಸ್ತಕ ಕೈಗೆ ಸಿಕ್ಕಾಗ.

ದೊಡ್ಡಪ್ಪ ಹಳೇ ಡೈರಿಯಲ್ಲಿ ಎಲ್ಲ ಬರೆದಿಡುತ್ತಿದ್ದರು. ಯಾವ ದಿನ ಎಷ್ಟು ಹೊರೆ ಸೊಪ್ಪು ಬಂತು, ಹೊರೆಗೆ ಎಷ್ಟು ಕೆಜಿ, ಎಷ್ಟು ಕೂಲಿ, ಸುಣ್ಣಕ್ಕೆ ಎಷ್ಟು, ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದ ಬಾಡಿಗೆ ಎಷ್ಟು. ಅವರು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಸುಮ್ನೆ ಕೂತು ತಿರುವಿ ಹಾಕುತ್ತಿದ್ದೆ. ಒಂದು ಬೆಳೆಯ ಲೆಕ್ಕ ಕೂಡಿಸಿದೆ. ನೂರು ಮೊಟ್ಟೆ. ಕಡ್ಡಿ ತೂಕ ಬಿಟ್ಟು ಸೊಪ್ಪು 1,100 ಕೆಜಿ. ಗೂಡು 68 ಕೆಜಿ. ಅದರಿಂದ ನೂಲು ಬಿಚ್ಚಿದರೆ ಹತ್ತು ಕೆಜಿ ರೇಷ್ಮೆ ಬರಬಹುದು. 1,100 ಎಲ್ಲಿ, 68 ಎಲ್ಲಿ! ಉಳಿದಿದ್ದೆಲ್ಲ ಎಲ್ಲಿ ಹೋಯಿತು ಅಂತ ಅವತ್ತು ತಲೆಗೆ ಹೊಕ್ಕ ಪ್ರಶ್ನೆ ಮೈಸೂರಿಗೆ ವಾಪಸ್ ಬಂದರೂ ಬಿಡಲಿಲ್ಲ.

ಮೊದಲು ನೀರು ತೆಗೆಯಬೇಕು. ಹಸಿ ಸೊಪ್ಪಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಹಾಗಾಗಿ 1,100 ಕೆಜಿಯಲ್ಲಿ ಒಣ ಸರಕು ಅಂತ ಉಳಿಯುವುದು ಸುಮಾರು 300 ಕೆಜಿ. ಗೂಡು ಕಟ್ಟಿದ ಹುಳ ಒಳಗೆ ಕೋಶವಾಗಿರುತ್ತದಲ್ಲ, ಅದರಲ್ಲೂ ಮುಕ್ಕಾಲು ಭಾಗ ನೀರು. ಅದನ್ನು ಕಳೆದು, ರೇಷ್ಮೆಯ ಸಿಪ್ಪೆಯನ್ನು ಸೇರಿಸಿದರೆ ಒಣ ಲೆಕ್ಕದಲ್ಲಿ 26 ಕೆಜಿ ಆಗುತ್ತದೆ. 300 ಹೋಗಿ 26 ಬಂತು. ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಪಾಲು. ಒಂದು ಮೆಟ್ಟಿಲಿಂದ ಮೇಲಿನ ಮೆಟ್ಟಿಲಿಗೆ ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ದಾಟುತ್ತದೆ ಅನ್ನುವ ಪಠ್ಯಪುಸ್ತಕದ ಹತ್ತು ಶೇಕಡಾ ನಿಯಮ ಇದೆಯಲ್ಲ, ಅದು ದೊಡ್ಡಪ್ಪನ ಕೈಬರಹದಲ್ಲಿ ನನ್ನ ಮುಂದೆ ಕೂತಿತ್ತು.

ಅಲ್ಲಿಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಸೊಪ್ಪಿಗೆ ಮುಂಚೆ ಏನಿತ್ತು? ಬಿಸಿಲು. ಅದನ್ನು ಅಳೆಯೋಕೆ ಕರೆಂಟ್ ಬಿಲ್ಲಿನ ಯುನಿಟ್ಟೇ ಸಾಕು. ನಮ್ಮ ಕಡೆ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ 5 ಯುನಿಟ್‌ನಷ್ಟು ಬಿಸಿಲು ಬೀಳುತ್ತದೆ. ಒಂದು ಯುನಿಟ್ ಅಂದರೆ 860 ಕಿಲೋ ಕ್ಯಾಲೊರಿ. ಅಂದರೆ ಒಂದು ಚಾಪೆಗಿಂತ ಸಣ್ಣ ಜಾಗದ ಮೇಲೆ ಬಿದ್ದ ಒಂದು ದಿನದ ಬಿಸಿಲಿನಲ್ಲಿ, ಒಬ್ಬ ಆಳು ಎರಡು ದಿನ ತಿನ್ನುವಷ್ಟು ಶಕ್ತಿ ಇದೆ! ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್, ದಿನಕ್ಕೆ 20,000 ಯುನಿಟ್, ವರ್ಷಕ್ಕೆ 73 ಲಕ್ಷ. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿದ ವಿ-1 ಅನ್ನುವ ಹಿಪ್ಪುನೇರಳೆ ತಳಿ ಹಾಕಿ, ನೀರು ಗೊಬ್ಬರ ಸರಿಯಾಗಿ ಕೊಟ್ಟ ತೋಟದಲ್ಲಿ ವರ್ಷಕ್ಕೆ ಎಕರೆಗೆ 20 ಟನ್ ಸೊಪ್ಪು ಬಂತು ಅಂತ ಇಟ್ಟುಕೊಳ್ಳೋಣ. ಒಣ ಲೆಕ್ಕದಲ್ಲಿ ಐದು ಟನ್ ಚಿಲ್ಲರೆ. ಅದರೊಳಗಿನ ಶಕ್ತಿ 24,000 ಯುನಿಟ್ ಆಗಬಹುದು. ಬಿದ್ದ ಬಿಸಿಲಿನಲ್ಲಿ ಮುನ್ನೂರಕ್ಕೆ ಒಂದು ಪಾಲು ಮಾತ್ರ ಸೊಪ್ಪಾಗಿ ಕೈಗೆ ಬಂತು.

ಇದನ್ನು ಓದಿ ಎಲೆ ದಡ್ಡ ಅಂದುಕೊಳ್ಳಬೇಡಿ. ಬಿಸಿಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎಲೆಗೆ ಬಳಸಲು ಬರದ ಕಿರಣ. ಒಂದಷ್ಟು ತಾಗಿ ವಾಪಸ್ ಹೋಗುತ್ತದೆ. ಕಟಾವಾದ ಮೇಲೆ ಚಿಗುರು ಬರುವವರೆಗೆ ತೋಟ ಬೋಳಾಗಿರುತ್ತದೆ, ಆಗ ಬಿದ್ದ ಬಿಸಿಲೆಲ್ಲ ಮಣ್ಣನ್ನು ಕಾಯಿಸಿ ಹೋಗುತ್ತದೆ. ಗಿಡವೂ ಉಸಿರಾಡಬೇಕು, ಬೇರು ಕಾಂಡ ಬೆಳೆಸಬೇಕು. ನಮ್ಮ ಮಂಡ್ಯದ ಕಬ್ಬು ಈ ವಿಷಯದಲ್ಲಿ ಸ್ವಲ್ಪ ಮುಂದು. ಗಾಳಿಯ ಇಂಗಾಲವನ್ನು ಹಿಡಿಯುವ ಅದರ ಬೇರೆಯೇ ಒಂದು ದಾರಿಯನ್ನು ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಅನ್ನುವ ಇಬ್ಬರು 1966ರಲ್ಲಿ ಬಿಡಿಸಿಟ್ಟರು, ಅದೂ ಕಬ್ಬಿನ ಎಲೆಯಲ್ಲೇ. ಅಷ್ಟು ಮುಂದಿರುವ ಕಬ್ಬು ಕೂಡ ವರ್ಷದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಹಿಡಿದರೆ ದೊಡ್ಡದು. ಈ ಭೂಮಿ ಮೇಲೆ ಓಡುವ, ಹಾರುವ, ಹರಿದಾಡುವ ಹೆಚ್ಚುಕಡಿಮೆ ಎಲ್ಲವೂ ನಡೆಯುತ್ತಿರುವುದು ಹಸಿರು ಹಿಡಿದಿಟ್ಟ ಆ ಸಣ್ಣ ಪಾಲಿನ ಮೇಲೆ.

ಈಗ ವಾಪಸ್ ಹುಳದ ಮನೆಗೆ ಬನ್ನಿ. ಹಾಕಿದ 300 ಕೆಜಿಯಲ್ಲಿ ಹುಳ ಎಲ್ಲವನ್ನೂ ತಿನ್ನುವುದಿಲ್ಲ. ಬಾಡಿದ್ದು, ಬಲಿತಿದ್ದು, ಕಡ್ಡಿಗೆ ಅಂಟಿದ್ದು ಉಳಿಯುತ್ತದೆ. 240 ಕೆಜಿ ತಿಂದವು ಅನ್ನೋಣ. ತಿಂದಿದ್ದರಲ್ಲಿ ಅರಗುವುದು ನೂರಕ್ಕೆ ನಲವತ್ತು ಪಾಲು. ಮಿಕ್ಕಿದ್ದು ಕರಿ ಹಿಕ್ಕೆಯಾಗಿ ಕೆಳಗೆ ಬೀಳುತ್ತದೆ, ದಿನಾ ಬೆಳಿಗ್ಗೆ ಗುಡಿಸಿ ಬುಟ್ಟಿ ತುಂಬಿಸುವಷ್ಟು. ಅಂದರೆ ಹುಳದ ಮೈಗೆ ನಿಜವಾಗಿ ಹತ್ತಿದ್ದು ನೂರು ಕೆಜಿ ಆಸುಪಾಸು. ಅದರಲ್ಲಿ 26 ಗೂಡಾಯಿತು. ಉಳಿದ ಎಪ್ಪತ್ತು ಚಿಲ್ಲರೆ ಎಲ್ಲಿ? ಒಂದಷ್ಟು ಬಿಟ್ಟ ಪೊರೆಯಲ್ಲಿ ಹೋಯಿತು. ಬಹುಪಾಲು ಉರಿದುಹೋಯಿತು. ಹುಳ ದವಡೆ ಆಡಿಸಿತಲ್ಲ, ರಾತ್ರಿಯೆಲ್ಲ ಮಳೆಯ ಸದ್ದು ಮಾಡಿತಲ್ಲ, ತೆವಳಿತಲ್ಲ, ನಾಲ್ಕು ಸಲ ಪೊರೆ ಕಟ್ಟಿ ಬಿಟ್ಟಿತಲ್ಲ, ಇಪ್ಪತ್ತೈದು ದಿನದಲ್ಲಿ ಹುಟ್ಟಿದಾಗಿನ ಹತ್ತು ಸಾವಿರ ಪಟ್ಟು ತೂಕ ಬೆಳೆಯಿತಲ್ಲ, ಅದಕ್ಕೆಲ್ಲ ಉರಿಯಿತು. ಉಸಿರಾಗಿ, ಕಾವಾಗಿ ಹೆಂಚಿನ ಸಂದಿಯಿಂದ ಹೊರಗೆ ಹೋಯಿತು.

ಇದನ್ನು ನಷ್ಟ ಅಂತ ಬರೆಯುವವರು ಜಾಸ್ತಿ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಬದುಕೋದು ಅಂದರೆ ಆ ಉರಿಯುವುದೇ. ಉರಿಯದೆ ಕೂತ ಹುಳ ಗೂಡು ಕಟ್ಟುವುದಿಲ್ಲ.

ಅದರಲ್ಲೂ ರೇಷ್ಮೆ ಹುಳ ಮಿತವ್ಯಯದ ಜೀವ. ಅದರ ಮೈ ತಣ್ಣಗೆ, ಮನೆಯ ಗಾಳಿ ಎಷ್ಟು ಬೆಚ್ಚಗಿದೆಯೋ ಅಷ್ಟೇ. ತನ್ನನ್ನು ತಾನು ಬೆಚ್ಚಗಿಟ್ಟುಕೊಳ್ಳೋಕೆ ಅದು ಖರ್ಚು ಮಾಡುವುದಿಲ್ಲ. ಅರಗಿದ್ದರಲ್ಲಿ ಕಾಲು ಭಾಗ ಗೂಡಿನಲ್ಲಿ ಉಳಿಯಿತು ಅಂತ ಮೇಲೆ ನೋಡಿದೆವು. ಅದೇ ಕಾಡಿನ ಹಕ್ಕಿ, ಕಾಡಿನ ಸಸ್ತನಿಗಳನ್ನು ತಗೊಳ್ಳಿ, ಅರಗಿದ್ದರಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಮಾತ್ರ ಹೊಸ ಮೈಯಾಗುತ್ತದೆ. ಮಿಕ್ಕಿದ್ದೆಲ್ಲ ರಾತ್ರಿ ಹಗಲು ರಕ್ತ ಬೆಚ್ಚಗಿಡಲು ಖರ್ಚು. ರಂಗನತಿಟ್ಟಿನ ಬಂಡೆ ಮೇಲೆ ಬಾಯಿ ತೆರೆದುಕೊಂಡು ಮಲಗಿರುವ ಮೊಸಳೆ ಒಮ್ಮೆ ಹೊಟ್ಟೆ ತುಂಬಿದರೆ ವಾರಗಟ್ಟಲೆ ತಿನ್ನದೆ ಇರಬಲ್ಲದು, ಅದರ ತಲೆಯ ಮೇಲಿನ ಕೊಂಬೆಯಲ್ಲಿರುವ ಕೊಕ್ಕರೆ ಮರಿ ಒಂದು ದಿನ ಉಪವಾಸ ಬಿದ್ದರೂ ಸೊರಗುತ್ತದೆ. ಕಾರಣ ಇದೇ.

ಹಿಕ್ಕೆ, ಉಳಿದ ಸೊಪ್ಪು, ಕಡ್ಡಿ ಎಲ್ಲ ಏನಾಗುತ್ತದೆ? ತಿನ್ನೋಕೆ ಬರುವ ಸೊಪ್ಪು ಕುರಿಗೆ. ದೊಡ್ಡವ್ವನ ಮನೆಯಲ್ಲಿ ಯಾವಾಗಲೂ ಎರಡು ಬಂಡೂರು ಕುರಿ ಇರುತ್ತಿದ್ದವು, ಹುಳ ಬಿಟ್ಟಿದ್ದನ್ನು ತಿಂದೇ ಬೆಳೆಯುತ್ತಿದ್ದವು. ಹಬ್ಬಕ್ಕೆ ಬಾಡೂಟ ಆದರೆ ಆ ಎಸರಿನಲ್ಲಿ ಹಿಪ್ಪುನೇರಳೆ ತೋಟದ ಬಿಸಿಲೂ ಇರುತ್ತಿತ್ತು. ಹಿಕ್ಕೆ ಮತ್ತು ಮಿಕ್ಕ ಕಸ ತಿಪ್ಪೆಗೆ. ಧನುರ್ಮಾಸದ ಬೆಳಿಗ್ಗೆ ಆ ತಿಪ್ಪೆಯನ್ನು ಒಂದು ಸಲ ಕೋಲಿನಿಂದ ಕೆದಕಿ ನೋಡಬೇಕು. ಹಬೆ ಏಳುತ್ತದೆ. ಒಳಗೆ ಕೈ ಇಟ್ಟರೆ ಸುಡುತ್ತದೆ. ಬೆಂಕಿ ಯಾರು ಹಾಕಿದರು? ಕಣ್ಣಿಗೆ ಕಾಣದ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಅಲ್ಲಿ ಊಟ ಮಾಡುತ್ತಿರುತ್ತವೆ, ಅವುಗಳ ಉಸಿರಿನ ಕಾವು ಅದು. ಕಳೆದ ತಿಂಗಳು ತೋಟದ ಮೇಲೆ ಬಿದ್ದ ಬಿಸಿಲೇ ಈಗ ಹಬೆಯಾಗಿ ಹೋಗುತ್ತಿದೆ. ಶಕ್ತಿ ಹೊರಟುಹೋಗುವುದನ್ನು ಕಣ್ಣಾರೆ ನೋಡಬೇಕು ಅಂದರೆ ತಿಪ್ಪೆಗಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಹಾಗೆ ಹೋದ ಕಾವು ಮತ್ತೆ ಯಾವ ಎಲೆಗೂ ಸಿಗುವುದಿಲ್ಲ. ಎಲೆಗೆ ಬೆಳಕೇ ಬೇಕು, ಕಾವಿನಿಂದ ಅದು ಸೊಪ್ಪು ಮಾಡಲಾರದು. ಆದರೆ ತಿಪ್ಪೆಯಲ್ಲಿ ಉಳಿದ ಸಾರಜನಕ, ರಂಜಕ, ಪೊಟ್ಯಾಷ್ ಗೊಬ್ಬರವಾಗಿ ಅದೇ ತೋಟಕ್ಕೆ ವಾಪಸ್ ಹೋಗುತ್ತವೆ. ಸರಕು ಸುತ್ತುತ್ತದೆ, ಶಕ್ತಿ ಬಂದು ಹೋಗುತ್ತದೆ. ಅದಕ್ಕೇ ಸೂರ್ಯ ದಿನಾ ಬರಲೇಬೇಕು.

ಈ ಲೆಕ್ಕವನ್ನು ಮೊದಲು ಒಂದು ಇಡೀ ಕೆರೆಗೆ ಹಾಕಿ ನೋಡಿದವನು ಅಮೆರಿಕದ ರೇಮಂಡ್ ಲಿಂಡೆಮನ್. ಮಿನೆಸೋಟಾದ ಸೀಡರ್ ಬಾಗ್ ಅನ್ನುವ ಸಣ್ಣ ಕೆರೆ. ಹೆಂಡತಿ ಎಲಿನೋರ್ ಜೊತೆ ವರ್ಷಗಟ್ಟಲೆ ಅಲ್ಲಿನ ಪಾಚಿ, ಹುಳ, ಮೀನು, ಕೆಸರು ಎಲ್ಲವನ್ನೂ ಅಳೆದ. ಯಾರು ಯಾರನ್ನು ತಿನ್ನುತ್ತಾರೆ ಅಂತ ಬರೆದವರು ಮುಂಚೆಯೂ ಇದ್ದರು. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1927ರಲ್ಲೇ, ಕೆಳಗೆ ಜಾಸ್ತಿ ಮೇಲೆ ಕಮ್ಮಿ ಅಂತ ಪ್ರಾಣಿಗಳ ಸಂಖ್ಯೆಯ ಗೋಪುರ ತೋರಿಸಿದ್ದ. ಆದರೆ ತಲೆ ಎಣಿಸುವುದನ್ನು ಬಿಟ್ಟು ಕ್ಯಾಲೊರಿ ಎಣಿಸಿದವನು ಲಿಂಡೆಮನ್. ಅವನ ಕೆರೆಯಲ್ಲಿ ಗಿಡ ಪಾಚಿ ಹಿಡಿದಿದ್ದು ಬಿಸಿಲಿನ ಸಾವಿರಕ್ಕೆ ಒಂದು ಪಾಲು. ಅದರಲ್ಲಿ ಸೊಪ್ಪು ತಿನ್ನುವವರಿಗೆ ಹೋಗಿದ್ದು ನೂರಕ್ಕೆ 13, ಅವರಿಂದ ಮಾಂಸ ತಿನ್ನುವವರಿಗೆ ನೂರಕ್ಕೆ 22. ಹಾಗಾಗಿ ಹತ್ತು ಅನ್ನುವುದು ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ ಅಲ್ಲ. ಕೆಲವು ಕಡೆ ಐದು, ಕೆಲವು ಕಡೆ ಇಪ್ಪತ್ತು. ಯಾವ ಕಡೆಯೂ ನೂರು ಮಾತ್ರ ಆಗುವುದಿಲ್ಲ. ಅವನ ಬರಹವನ್ನು ಪತ್ರಿಕೆಯ ಪರಿಶೀಲಕರು ಮೊದಲು ಬೇಡ ಅಂದಿದ್ದರು. ಅವನ ಗುರು ಹಚಿನ್ಸನ್ ಪಟ್ಟು ಹಿಡಿದು ಪತ್ರ ಬರೆದ ಮೇಲೆ ಒಪ್ಪಿದರು. ಅದು ಅಚ್ಚಾಗಿ ಬಂದಿದ್ದು 1942ರ ಅಕ್ಟೋಬರಿನಲ್ಲಿ, ಲಿಂಡೆಮನ್ ತೀರಿಕೊಂಡಿದ್ದು ಆ ವರ್ಷದ ಜೂನಿನಲ್ಲಿ. ಇಪ್ಪತ್ತಾರು ವರ್ಷ ಅವನಿಗೆ. ಇಂದಿಗೂ ಅವನ ಹೆಸರು ಓದಿದರೆ ನನಗೆ ಸಂಕಟ ಆಗುತ್ತದೆ.

ಇನ್ನು ಊಜಿ ನೊಣದ ವಿಷಯ ಹೇಳಬೇಕು. ಇದು ನನ್ನಿಂದ ಆದ ತಪ್ಪು.

ಪಿಯುಸಿ ರಜೆ. ನಾಲ್ಕನೇ ಜ್ವರ ಎದ್ದ ಮಾರನೇ ದಿನ. ಎಲ್ಲರೂ ಸೊಪ್ಪಿಗೆ ಹೋಗಿದ್ದರು, ಹುಳದ ಮನೆ ನೋಡಿಕೊಳ್ಳಲು ನನ್ನನ್ನು ಬಿಟ್ಟಿದ್ದರು. ಕರೆಂಟ್ ಇರಲಿಲ್ಲ, ಒಳಗೆ ಧಗೆ. ಹುಳಕ್ಕೆ ಗಾಳಿ ಬರಲಿ ಅಂತ ಜಾಲರಿ ಬಾಗಿಲಿಗೆ ಇಟ್ಟಿಗೆ ಒರಗಿಸಿ ತೆರೆದಿಟ್ಟು, ಹಾಗೇ ನಿದ್ದೆ ಹೋದೆ. ಎರಡು ದಿನ ಕಳೆದ ಮೇಲೆ ದೊಡ್ಡವ್ವ ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಬಾಗಿಲ ಬೆಳಕಿಗೆ ಬಂದಳು. ಹುಳದ ಪಕ್ಕೆಯ ಮೇಲೆ ಎಳ್ಳಿಗಿಂತ ಸಣ್ಣ ಬಿಳಿ ಚುಕ್ಕೆ. ಇನ್ನೊಂದರ ಮೇಲೆ ಸುಟ್ಟ ಗಾಯದ ಹಾಗೆ ಕಪ್ಪು ಕಲೆ. "ಊಜಿ ಹೊಡ್ದದೆ," ಅಂದಳು ಅಷ್ಟೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊಜಿ ನೊಣ ನೋಡೋಕೆ ಮನೆ ನೊಣದ ಅಣ್ಣನ ಹಾಗಿರುತ್ತದೆ. ಹುಳದ ಮೈ ಮೇಲೆ ತತ್ತಿ ಅಂಟಿಸಿ ಹೋಗುತ್ತದೆ. ಎರಡು ಮೂರು ದಿನಕ್ಕೆ ಅದರ ಮರಿ ಹೊರಬಂದು ಹುಳದ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕಪ್ಪು ಕಲೆ ಅದು ಹೊಕ್ಕ ಬಾಗಿಲು. ಒಳಗೆ ಕೂತು ಹುಳವನ್ನೇ ತಿಂದು ಬೆಳೆಯುತ್ತದೆ. ಹುಳ ಗೂಡು ಕಟ್ಟಿದರೂ ಅದನ್ನು ತೂತು ಮಾಡಿಕೊಂಡು ಹೊರಗೆ ಬಂದು, ನೆಲದ ಬಿರುಕಿನಲ್ಲೋ ಮಣ್ಣಿನಲ್ಲೋ ಸೇರಿಕೊಂಡು ಕೋಶವಾಗುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಎಳೆ ಕಡಿಯದೆ ಬರುವುದಿಲ್ಲ. ಆ ಸಲ ಚಂದ್ರಿಕೆಯಿಂದ, ಅಂದರೆ ಹುಳ ಗೂಡು ಕಟ್ಟಲು ಬಿಡುವ ತಟ್ಟಿಯಿಂದ, ಗೂಡು ಬಿಡಿಸುವಾಗ ಎರಡು ರಾಶಿ ಮಾಡಬೇಕಾಯಿತು. ತೂತಿನ ರಾಶಿ ನೋಡಿದಾಗಲೆಲ್ಲ ನನಗೆ ಆ ಇಟ್ಟಿಗೆ ನೆನಪಾಗುತ್ತಿತ್ತು.

ಈ ನೊಣ ಮುಂಚೆ ನಮ್ಮ ಕಡೆ ಇರಲೇ ಇಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಆಕಸ್ಮಿಕವಾಗಿ ಕರ್ನಾಟಕಕ್ಕೆ ಬಂತು. ಬಂದು ನೋಡಿದರೆ ಇಲ್ಲಿ ಮನೆಮನೆಯಲ್ಲೂ ರಾಶಿ ರಾಶಿ ಹುಳ. ಅದಕ್ಕೆ ಇನ್ನೇನು ಬೇಕು? ಅದನ್ನು ಹಿಡಿತಕ್ಕೆ ತರಲು ವಿಜ್ಞಾನಿಗಳು ಹುಡುಕಿದ್ದು ಅದರ ಮೇಲಿನ ಕೊಂಡಿಯನ್ನು. ನೆಸೋಲಿಂಕ್ಸ್ ಅನ್ನುವ ಸಾಸಿವೆಗಿಂತ ಸಣ್ಣ ಕಣಜ ಇದೆ. ಅದು ಊಜಿಯ ಕೋಶವನ್ನು ಹುಡುಕಿ ಅದರೊಳಗೆ ತತ್ತಿ ಇಡುತ್ತದೆ. ಮುಂದಿನ ಬೆಳೆಗಳಲ್ಲಿ ದೊಡ್ಡಪ್ಪ ಆ ಕಣಜದ ಸಣ್ಣ ಚೀಲಗಳನ್ನು ತಂದು ಹುಳದ ಮನೆಯಲ್ಲೂ ತಿಪ್ಪೆಯ ಹತ್ತಿರವೂ ಕಟ್ಟುತ್ತಿದ್ದರು.

ಬಿಸಿಲು, ಸೊಪ್ಪು, ಹುಳ, ಊಜಿ, ಕಣಜ. ಒಂದೇ ಮನೆಯೊಳಗೆ ಇಡೀ ಸರಪಳಿ. ಇಲ್ಲಿ ಒಂದು ಸೋಜಿಗ ಇದೆ. ಊಜಿಯ ಒಂದು ಕೋಶದಿಂದ ಹತ್ತಾರು ಕಣಜ ಹೊರಬರುತ್ತವೆ. ತಲೆ ಎಣಿಸಿದರೆ ಗೋಪುರ ತಲೆಕೆಳಗು, ಮೇಲೆ ಜಾಸ್ತಿ ಕೆಳಗೆ ಕಮ್ಮಿ. ಆದರೆ ಆ ಹತ್ತಾರು ಕಣಜಗಳನ್ನು ಒಟ್ಟಿಗೆ ತೂಗಿದರೂ ಒಂದು ಊಜಿ ಕೋಶದ ತೂಕ ಬರುವುದಿಲ್ಲ, ಅಷ್ಟು ಊಜಿಗಳನ್ನು ತೂಗಿದರೂ ಅವು ತಿಂದ ಹುಳದ ತೂಕ ಬರುವುದಿಲ್ಲ. ಸಂಖ್ಯೆಯ ಗೋಪುರ ಮಗುಚಬಹುದು, ಶಕ್ತಿಯ ಗೋಪುರ ಮಗುಚುವುದಿಲ್ಲ.

ಸರಪಳಿ ಅಂದೆ, ಆದರೆ ತೋಟದಲ್ಲಿ ನಿಂತು ನೋಡಿದರೆ ಅದು ಬಲೆ. ಅದೇ ಹಿಪ್ಪುನೇರಳೆಯ ಚಿಗುರಿಗೆ ತುಕ್ರಾ ಬರುತ್ತದೆ. ಎಲೆ ಮುದುರಿ, ಗಿಣ್ಣು ಒತ್ತೊತ್ತಾಗಿ ಕುಳ್ಳಗಾಗುತ್ತದೆ. ಬಿಡಿಸಿ ನೋಡಿದರೆ ಒಳಗೆ ಬಿಳಿ ಹಿಟ್ಟು ಮೆತ್ತಿದ ಸಣ್ಣ ಹುಳಗಳು ರಸ ಹೀರುತ್ತಾ ಕೂತಿರುತ್ತವೆ. ರೇಷ್ಮೆ ಹುಳಕ್ಕೆ ಹೋಗಬೇಕಿದ್ದ ಪಾಲು ಅಲ್ಲೇ ಕವಲೊಡೆಯಿತು. ಆ ಹಿಟ್ಟಿನ ಹುಳ ಹೊರಹಾಕುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಬಂದು ಆ ಹುಳವನ್ನು ದನ ಕಾಯುವ ಹಾಗೆ ಕಾಯುತ್ತದೆ. ಅದನ್ನು ತಿನ್ನಲು ಒಂದು ಜಾತಿಯ ಗುಲಗಂಜಿ ಹುಳ ಇದೆ, ಆಸ್ಟ್ರೇಲಿಯಾ ಮೂಲದ್ದು, 1898ರಲ್ಲೇ ಭಾರತಕ್ಕೆ ತಂದಿದ್ದು, ಈಗ ತೋಟಕ್ಕೆ ಬಿಡುತ್ತಾರೆ. ಇನ್ನು ಅದೇ ಇರುವೆ ಹುಳದ ಮನೆಗೂ ಬರುತ್ತದೆ, ಅದಕ್ಕೇ ತಟ್ಟೆಯ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು. ಇಲಿ, ಅಳಿಲು, ಹಲ್ಲಿ ಎಲ್ಲಕ್ಕೂ ಹುಳದ ಮೇಲೆ ಕಣ್ಣು. ಇಲಿಯ ಹಿಂದೆ ಬೆಕ್ಕು, ಕೆಲವೊಮ್ಮೆ ಕೇರೆ ಹಾವು. ನೂಲು ಬಿಚ್ಚಿದ ಮೇಲೆ ಉಳಿದ ಕೋಶ ಕೋಳಿಗೆ, ಮೀನಿಗೆ ಆಹಾರವಾಗುತ್ತದೆ. ಈ ಬಲೆಯ ಎಲ್ಲ ಎಳೆಗಳನ್ನೂ ಹಿಡಿದು ಕೆಳಕ್ಕೆ ಎಳೆದರೆ ಒಂದೇ ಎಲೆಗೆ ಬರುತ್ತವೆ.

ಎಷ್ಟು ಮೆಟ್ಟಿಲು ಮೇಲೆ ಹೋಗಬಹುದು? ನಾಲ್ಕು, ಐದು, ತೀರಾ ಅಂದರೆ ಇನ್ನೊಂದು. ಆಮೇಲೆ ಹಂಚಿಕೊಳ್ಳೋಕೆ ಉಳಿದಿರುವುದಿಲ್ಲ. ಮೈಸೂರಿನಿಂದ ಎಚ್.ಡಿ. ಕೋಟೆ ದಾಟಿ ನಾಗರಹೊಳೆ ಕಡೆ ಹೋಗುವಾಗ ಎಲ್ಲರೂ ಹುಲಿ ಕಾಣುತ್ತಾ ಅಂತ ಕೇಳುತ್ತಾರೆ. ಅದೇ ನಾಗರಹೊಳೆಯಲ್ಲಿ ಬಹಳ ವರ್ಷ ಹುಲಿಯ ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಕೆಲಸದಿಂದ ನಮಗೆ ಗೊತ್ತಾಗಿರುವ ಒಂದು ಲೆಕ್ಕ ಇದೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆ, ಕಡವೆಯಂಥ ಪ್ರಾಣಿ ಬೇಕು. ವರ್ಷವರ್ಷವೂ 50 ಕಳೆದುಕೊಂಡು ಹಿಂಡು ಕರಗದೆ ಇರಬೇಕಾದರೆ ಕಾಡಿನಲ್ಲಿ 500 ಇರಬೇಕು. ಆ 500 ಮೇಯಲು ಎಷ್ಟು ಹುಲ್ಲು ಬೇಕು, ನೀವೇ ಯೋಚಿಸಿ. ಹುಲಿ ಉಳಿಸುವುದು ಅಂದರೆ ಹುಲ್ಲು ಉಳಿಸುವುದು. ನನಗೆ ಬಂಡೀಪುರದ ರಸ್ತೆಯಲ್ಲಿ ಹೋಗುವಾಗ ಸಂಕಟ ಆಗುವುದು ಲಂಟಾನ ನೋಡಿದಾಗ. ಮಳೆಗಾಲದಲ್ಲಿ ಕಣ್ಣು ತುಂಬ ಹಸಿರು, ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ಆದರೆ ಆ ಹಸಿರು ಜಿಂಕೆಯ ಹೊಟ್ಟೆಗೆ ಆಗುವ ಹಸಿರಲ್ಲ. ಬಿಸಿಲು ಅಷ್ಟೇ ಬೀಳುತ್ತಿದೆ, ಮಳೆಯೂ ಬೀಳುತ್ತಿದೆ, ಎಲೆಯೂ ಬೆಳೆಯುತ್ತಿದೆ, ಆದರೂ ಮೇಲಿನ ಮೆಟ್ಟಿಲಿಗೆ ದಾರಿ ಕಟ್ಟಿಹೋಗಿದೆ. ಹುಳ ಇಟ್ಟುಕೊಂಡವನ ತೋಟದಲ್ಲಿ ಎಕ್ಕದ ಗಿಡ ಬೆಳೆದ ಹಾಗೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದರ ಇನ್ನೊಂದು ಮುಖ ನೋಡಬಹುದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಆದರೆ ಅವುಗಳ ಊಟ ಊರಲ್ಲಿಲ್ಲ. ಸುತ್ತಲಿನ ಕೆರೆಗಳಲ್ಲಿ, ಶಿಂಷಾ ಹೊಳೆಯಲ್ಲಿ ಇದೆ. ನೀರಿನ ಪಾಚಿ, ಪಾಚಿ ತಿನ್ನುವ ಸಣ್ಣ ಜೀವ, ಅದನ್ನು ತಿನ್ನುವ ಸಣ್ಣ ಮೀನು, ಆಮೇಲೆ ದೊಡ್ಡ ಮೀನು, ಅಷ್ಟು ದೂರ ದಾಟಿ ಬಂದ ಚೂರು ಶಕ್ತಿಯಲ್ಲಿ ಒಂದು ಹೆಜ್ಜಾರ್ಲೆ ಮರಿ ಬೆಳೆಯುತ್ತದೆ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಊರಿನವರು ಕೆರೆ ಗೋಡಿನ ಜೊತೆ ಬೆರೆಸಿ ಹೊಲಕ್ಕೆ ಹಾಕುತ್ತಾರೆ. ಕೆರೆಯ ಸಾರ ಹಕ್ಕಿಯ ಹೊಟ್ಟೆಯಲ್ಲಿ ಹಾರಿಬಂದು ಹೊಲ ಸೇರಿತು. ಕೆರೆ ಕೆಟ್ಟರೆ ಅದೂ ಇದೇ ದಾರಿಯಲ್ಲಿ ಬರುತ್ತದೆ. 2017ರ ಕೊನೆಯಿಂದ 2018ರವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸತ್ತವು. ಹೊಟ್ಟೆಯೊಳಗೆ ಸಿಕ್ಕಿದ್ದು ಮೀನಿನ ಜೊತೆ ಸೇರಿದ್ದ ಜಂತುಹುಳ. ಮರ ಚೆನ್ನಾಗಿತ್ತು, ಊರಿನವರ ಪ್ರೀತಿ ಚೆನ್ನಾಗಿತ್ತು, ಕೇಡು ಇದ್ದಿದ್ದು ಕೆಳಗೆ, ನೀರಿನಲ್ಲಿ.

2023ರಲ್ಲಿ ಮಳೆ ಕೈಕೊಟ್ಟಿತಲ್ಲ, ಕನ್ನಂಬಾಡಿ ಕಟ್ಟೆಯೂ ತುಂಬಲಿಲ್ಲ. ಆ ವರ್ಷದ ಕೊನೆಗೆ ಊರಿಗೆ ಹೋಗಿದ್ದೆ. ಈಗ ಬೇಸಾಯವೆಲ್ಲ ದೊಡ್ಡವ್ವನ ಮಗನದು, ನನಗೆ ಅಣ್ಣ. ತಟ್ಟೆ ಹೋಗಿ ಅಟ್ಟಣಿಗೆ ಬಂದಿದೆ, ಹುಳದ ಮನೆ ಬೇರೆ ಕಟ್ಟಿದ್ದಾನೆ. ಅವನಿಗೆ ಇನ್ನೂರು ಮೊಟ್ಟೆ ತರುವ ಆಸೆ. ಸಾಲ ಇತ್ತು, ಮಗಳ ಕಾಲೇಜಿನ ಫೀಸು ಇತ್ತು. ಮಾತು ಮುಗಿಯುವ ಮುಂಚೆಯೇ ದೊಡ್ಡವ್ವ ಕೋಲು ತಗೊಂಡು ತೋಟದ ಕಡೆ ಹೊರಟಳು. ಕಣ್ಣಿಗೆ ಪೊರೆ ಬಂದಿದೆ, ಸರಿಯಾಗಿ ಕಾಣುವುದಿಲ್ಲ. ಸಾಲಿನೊಳಗೆ ನಿಂತು ಒಂದು ಎಲೆಯನ್ನು ಬೆರಳ ನಡುವೆ ಹಿಡಿದು ಉಜ್ಜಿದಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೊಂದು. ಬೋರ್‌ವೆಲ್ ಮೂರು ಗಂಟೆ ಕೂಡ ಎತ್ತುತ್ತಿರಲಿಲ್ಲ. ಎಲೆ ತೆಳುವಾಗಿತ್ತು, ಅಂಚು ಒಣಗಿತ್ತು.

"ಎಪ್ಪತ್ತೈದು ಸಾಕು ಕನ್ಲಾ."

"ನೂರೈವತ್ತಾದ್ರೂ ತರಾನ ಕನವ್ವ. ಗೂಡಿಗೆ ರೇಟ್ ಚೆನ್ನಾಗದೆ."

"ರೇಟು ತಿಂದವಾ ಹುಳ?"

ಅಣ್ಣ ಸ್ವಲ್ಪ ಹೊತ್ತು ತೋಟವನ್ನೇ ನೋಡುತ್ತಾ ನಿಂತ. ಆಮೇಲೆ ಜೇಬಿನಿಂದ ಫೋನ್ ತೆಗೆದು ಚಾಕಿ ಕೇಂದ್ರಕ್ಕೆ ಎಪ್ಪತ್ತೈದು ಅಂತ ಹೇಳಿದ.

ಹುಳ ನಾಲ್ಕನೇ ಜ್ವರ ಎದ್ದ ಮೇಲೆ ನಾನು ಮತ್ತೆ ಹೋಗಿ ಒಂದು ರಾತ್ರಿ ಅಲ್ಲೇ ಉಳಿದೆ. ಜಾಲರಿ ಬಾಗಿಲು ಹಾಕಿದೆಯಾ ಅಂತ ಎರಡು ಸಲ ಎದ್ದು ನೋಡಿದೆ. ಆ ಸಲ ಮಳೆಯ ಸದ್ದು ಸಣ್ಣದಾಗಿತ್ತು. ಬೆಳಗಾಗುವವರೆಗೂ ನಿಲ್ಲಲಿಲ್ಲ.